ದೆವ್ವದ ಪಟ ಬೇಡ, ಬೆಚ್ಚಿಬಿದ್ದವರ ಪಟ ತೆಗೆಯಿರಿ

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಸೇರಿ ಒಂದು ಭೂತಬಂಗಲೆ ನಡೆಸುತ್ತಿದ್ದೇವೆ. ಒಟ್ಟು ಒಂಬತ್ತು ಕೋಣೆ, ಆರು ಜನ ನಟರು. ಒಳಗೆ ಬಂದವರು ಚೆನ್ನಾಗಿಯೇ ಹೆದರುತ್ತಾರೆ. ಏಳನೇ ಕೋಣೆಯಲ್ಲಂತೂ ಕಿರುಚದವರೇ ಇಲ್ಲ. ಆದರೆ ಪ್ರಚಾರಕ್ಕೆ ಅಂತ ಫೋಟೊ ತೆಗೆದರೆ ಒಂದೋ ಪೂರ್ತಿ ಕಪ್ಪು, ಇಲ್ಲಾಂದ್ರೆ ಫ್ಲ್ಯಾಷ್ ಬೆಳಕಲ್ಲಿ ಮುಖವಾಡವೆಲ್ಲ ಪ್ಲಾಸ್ಟಿಕ್ ಆಟಿಕೆ ಥರ ಕಾಣುತ್ತದೆ. ವಿಡಿಯೊದಲ್ಲಿ ಎಲ್ಲ ತೋರಿಸಿಬಿಟ್ಟರೆ ಆಮೇಲೆ ಜನ ಯಾಕೆ ಬರುತ್ತಾರೆ ಎಂಬ ಅನುಮಾನವೂ ಇದೆ. ನಮ್ಮಲ್ಲೊಬ್ಬ ‘ಸಿಸಿಟಿವಿಯಲ್ಲಿ ನಿಜವಾದ ದೆವ್ವ ಸೆರೆ’ ಅಂತ ಒಂದು ವಿಡಿಯೊ ಬಿಡೋಣ ಎನ್ನುತ್ತಿದ್ದಾನೆ. ಏನು ಮಾಡೋಣ?

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಏಳನೇ ಕೋಣೆಯಲ್ಲಿ ಕಿರುಚದವರೇ ಇಲ್ಲ ಎಂದಿರಿ. ಹಾಗಿದ್ದ ಮೇಲೆ ಕ್ಯಾಮೆರಾವನ್ನು ದೆವ್ವದ ಕಡೆ ಯಾಕೆ ತಿರುಗಿಸಿದಿರಿ? ಕಿರುಚುವವರ ಕಡೆ ತಿರುಗಿಸಿ.

ಬೇಜಾರು ಮಾಡಿಕೊಳ್ಳಬೇಡಿ, ಈ ಕೆಲಸಕ್ಕೆ ಬಂದ ಹೊಸದರಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಒಂದು ಭೂತಬಂಗಲೆಯಲ್ಲಿ ಇಡೀ ದಿನ ಕೂತು, ಒಂದೊಂದೇ ದೆವ್ವವನ್ನು ಬೆಳಕಿಗೆ ನಿಲ್ಲಿಸಿ, ಹಲ್ಲು, ಉಗುರು, ರಕ್ತ ಎಲ್ಲ ಸ್ಪಷ್ಟವಾಗಿ ಬರುವ ಹಾಗೆ ಪಟ ತೆಗೆದೆ. ಪಟಗಳೇನೋ ಚೆನ್ನಾಗಿದ್ದವು. ಮಾಲೀಕರ ಆರು ವರ್ಷದ ಮಗಳು ಅವನ್ನೆಲ್ಲ ನೋಡಿ, ‘ಈ ಅಂಕಲ್ ಹಲ್ಲುಜ್ಜಿಲ್ಲ’ ಅಂದಳು. ಅಲ್ಲಿಗೆ ನನ್ನ ಒಂದು ದಿನದ ದುಡಿಮೆ ಮುಗಿಯಿತು. ಕತ್ತಲಲ್ಲಿ ಹಗ್ಗ ಹಾವಾಗುತ್ತದೆ ಅಂತಾರಲ್ಲ, ಫ್ಲ್ಯಾಷ್ ಹಾಕಿದರೆ ಹಾವೂ ಹಗ್ಗವಾಗಿಬಿಡುತ್ತದೆ.

ಕೆನಡಾದ ನಯಾಗರ ಫಾಲ್ಸ್ ಊರಿನಲ್ಲಿ ‘ನೈಟ್‌ಮೇರ್ಸ್ ಫಿಯರ್ ಫ್ಯಾಕ್ಟರಿ’ ಎಂಬ ಭೂತಬಂಗಲೆ ಇದೆ. ಅಲ್ಲಿ ಒಂದು ಜಾಗದಲ್ಲಿ ಕ್ಯಾಮೆರಾ ಬಚ್ಚಿಟ್ಟು, ಜನ ಬೆಚ್ಚಿಬೀಳುವ ಹೊತ್ತಿಗೆ ಸರಿಯಾಗಿ ಪಟ ತೆಗೆಯುತ್ತಾರೆ. 2011ರಲ್ಲಿ ಆ ಪಟಗಳು ಇಂಟರ್‌ನೆಟ್ಟಿನಲ್ಲಿ ಜಗತ್ತೆಲ್ಲ ಓಡಾಡಿದವು. ಗಟ್ಟಿಮುಟ್ಟಾದ ಗಂಡಸರು ಒಬ್ಬರ ಬೆನ್ನ ಹಿಂದೆ ಒಬ್ಬರು ಅಡಗಿದ್ದಾರೆ. ಬಾಯಿ ತೆರೆದಿದೆ, ಕೈ ಪಕ್ಕದವರ ಅಂಗಿ ಹಿಡಿದೆಳೆಯುತ್ತಿದೆ. ನೋಡಿದವರಿಗೆ ನಗು ತಡೆಯಲಿಕ್ಕಾಗುವುದಿಲ್ಲ. ಆದರೆ ಒಂದು ವಿಷಯ ಗಮನಿಸಿ. ಅವರ ಎದುರಿಗೆ ಏನಿತ್ತು ಎಂಬುದು ಆ ಪಟಗಳಲ್ಲಿ ಇಲ್ಲವೇ ಇಲ್ಲ. ‘ಅಂಥದ್ದೇನು ನೋಡಿದರಪ್ಪಾ ಇವರು?’ ಎಂಬ ಪ್ರಶ್ನೆ ನೋಡುವವರ ತಲೆಯಲ್ಲಿ ಕೂರುತ್ತದೆ. ಅದಕ್ಕೆ ಉತ್ತರ ಬೇಕಾದರೆ ಟಿಕೆಟ್ ತಗೊಂಡು ಒಳಗೆ ಹೋಗಬೇಕು. ಎಲ್ಲ ತೋರಿಸಿಬಿಟ್ಟರೆ ಜನ ಯಾಕೆ ಬರುತ್ತಾರೆ ಎಂದು ಕೇಳಿದಿರಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಹತ್ತಿರ ಇಲ್ಲ.

ಹಾಗಾಗಿ ನಿಮ್ಮ ಮೊದಲ ಖರ್ಚು ಏಳನೇ ಕೋಣೆಯ ಕ್ಯಾಮೆರಾಕ್ಕೆ ಇರಲಿ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಜಾಸ್ತಿ ಜನ ಎಡವುವುದು ಇಲ್ಲೇ.

ಜನ ಎಲ್ಲಿ ನಿಂತಾಗ ದೆವ್ವ ಎರಗುತ್ತದೆ ಎಂಬುದು ನಿಮಗೆ ಗೊತ್ತಿರುತ್ತದೆ. ಆ ಜಾಗದಲ್ಲಿ ಒಬ್ಬರನ್ನು ನಿಲ್ಲಿಸಿ, ದೀಪ ಹಾಕಿ, ಫೋಕಸ್ ಮಾಡಿ. ಆಮೇಲೆ ಲೆನ್ಸನ್ನು ಮ್ಯಾನುವಲ್‌ಗೆ ಹಾಕಿ ಫೋಕಸ್ ರಿಂಗಿನ ಮೇಲೆ ಟೇಪ್ ಅಂಟಿಸಿಬಿಡಿ. ಕತ್ತಲಲ್ಲಿ ಆಟೊ ಫೋಕಸ್ ಹುಡುಕುತ್ತಾ ಕೂತರೆ ಪಟ ಹೋಯಿತು ಅಂತಲೇ ಲೆಕ್ಕ. ಐದಾರು ಜನರ ಗುಂಪು ಹಿಂದೆ ಮುಂದೆ ಚದುರುವುದರಿಂದ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6ರ ಆಸುಪಾಸಿನಲ್ಲಿರಲಿ. ಕಿಂಡಿ ಇನ್ನೂ ಅಗಲವಾಗುವ ಎಫ್ 1.8 ಇಟ್ಟರೆ ಒಬ್ಬರ ಮೂಗು ಮಾತ್ರ ಸ್ಪಷ್ಟವಾಗಿ ಬರುತ್ತದೆ. ಶಟರ್ ಸೆಕೆಂಡಿನ 1/125 ಭಾಗ ತೆರೆದರೆ ಸಾಕು. ಕೋಣೆ ಕತ್ತಲಾಗಿರುವಾಗ ಚಲನೆಯನ್ನು ಹಿಡಿದು ನಿಲ್ಲಿಸುವುದು ಶಟರ್ ಅಲ್ಲ, ಫ್ಲ್ಯಾಷ್. ಫ್ಲ್ಯಾಷನ್ನು ಕ್ಯಾಮೆರಾದ ಮೇಲೆ ಇಡಬೇಡಿ. ಒಂದು ಪಕ್ಕಕ್ಕೆ, ತಲೆಗಿಂತ ಸ್ವಲ್ಪ ಎತ್ತರದಲ್ಲಿ ಇಡಿ. ಆಗ ಮುಖದ ಒಂದು ಬದಿಗೆ ನೆರಳು ಬೀಳುತ್ತದೆ, ಹೆದರಿದ ಮುಖದ ಗೆರೆಗಳು ಎದ್ದು ಕಾಣುತ್ತವೆ. ಪೂರ್ತಿ ಶಕ್ತಿಯಲ್ಲಿ ಹೊಡೆಯುವುದೂ ಬೇಡ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎಂಬ ಅಳತೆ) 1600ಕ್ಕೆ ಏರಿಸಿ, ಫ್ಲ್ಯಾಷ್ ಶಕ್ತಿಯನ್ನು 1/16ಕ್ಕೆ ಇಳಿಸಿ ನೋಡಿ. ಶಕ್ತಿ ಕಡಿಮೆ ಮಾಡಿದಷ್ಟೂ ಅದು ಬೇಗ ಬೇಗ ರೀಚಾರ್ಜ್ ಆಗುತ್ತದೆ. ಆಗ ಒಂದೇ ಪಟಕ್ಕೆ ನಿಲ್ಲದೆ ಮೂರು ನಾಲ್ಕು ಸಾಲಾಗಿ ತೆಗೆಯಬಹುದು.

ಯಾಕೆ ಮೂರು ನಾಲ್ಕು? ಬೆಚ್ಚಿಬಿದ್ದಾಗ ದೇಹ ಮಾಡುವ ಮೊಟ್ಟಮೊದಲ ಕೆಲಸ ಕಣ್ಣು ಮುಚ್ಚುವುದು. ಜೋರು ಸದ್ದಾದರೆ ಸುಮಾರು ಸೆಕೆಂಡಿನ 20ನೇ ಒಂದು ಭಾಗದೊಳಗೆ ರೆಪ್ಪೆ ಮುಚ್ಚಲು ಶುರುವಾಗುತ್ತದೆ. ದೆವ್ವ ಎರಗಿದ ಕ್ಷಣಕ್ಕೇ ಪಟ ತೆಗೆದರೆ ಎಲ್ಲರೂ ಕಣ್ಣು ಮುಚ್ಚಿ ಭುಜ ಕುಗ್ಗಿಸಿ ನಿಂತಿರುತ್ತಾರೆ. ನೋಡಲಿಕ್ಕೆ ಸೀನು ಬಂದವರ ಹಾಗಿರುತ್ತದೆ. ಮುಖ ಅರಳುವುದು, ಬಾಯಿ ತೆರೆಯುವುದು, ಪಕ್ಕದವರ ಕುತ್ತಿಗೆಗೆ ಜೋತುಬೀಳುವುದು ಎಲ್ಲ ಅದರ ನಂತರ. ಅರ್ಧ ಸೆಕೆಂಡು ಬಿಟ್ಟು ಶುರು ಮಾಡಿ, ಅಲ್ಲಿಂದ ಹಿಂದೆ ಮುಂದೆ ಹೊಂದಿಸಿಕೊಳ್ಳಿ. ನನಗೆ ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ಪಟವೇ ದಕ್ಕುತ್ತದೆ. ಬಟನ್ ಯಾರು ಒತ್ತಬೇಕು? ನಟನ ಕಾಲ ಕೆಳಗೆ ಒಂದು ಫುಟ್ ಸ್ವಿಚ್ ಇಡುವುದೇ ವಾಸಿ. ಇನ್‌ಫ್ರಾರೆಡ್ ಸೆನ್ಸಾರ್ (ಕಣ್ಣಿಗೆ ಕಾಣದ ಕಿರಣದಿಂದ ಜನರ ಚಲನೆ ಗುರುತಿಸುವ ಸಾಧನ) ಹಾಕಬಹುದು, ಆದರೆ ಅದಕ್ಕೆ ಗುಂಪಿನ ಲಯ ಗೊತ್ತಾಗುವುದಿಲ್ಲ. ನಟನಿಗೆ ಗೊತ್ತಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಒಂದು ಫ್ಲ್ಯಾಷ್ ಅದನ್ನು ಕ್ಷಣದಲ್ಲಿ ಅಳಿಸಿಹಾಕುತ್ತದೆ. ಮುಂದಿನ ಒಂದೆರಡು ನಿಮಿಷ ಅವರಿಗೆ ಏನೂ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಆ ಕೋಣೆಯಾದ ಕೂಡಲೇ ಮೆಟ್ಟಿಲು, ಇಳಿಜಾರು ಇರಕೂಡದು. ಎಂಟನೇ ಕೋಣೆಯಲ್ಲಿ ಮಂದ ಬೆಳಕಿನ ಸೂಕ್ಷ್ಮ ಆಟ ಏನಾದರೂ ಇಟ್ಟಿದ್ದರೆ ಅದೂ ದಂಡ, ಯಾರಿಗೂ ಕಾಣುವುದಿಲ್ಲ. ಫ್ಲ್ಯಾಷನ್ನೇ ಕಥೆಯೊಳಗೆ ಸೇರಿಸಿಬಿಡುವುದು ಜಾಣತನ. ಗೋಡೆಯ ಮೇಲೊಂದು ಹಳೇ ಕರೆಂಟ್ ಬಾಕ್ಸ್ ಇಟ್ಟು, ಢಮ್ ಅನ್ನುವ ಸದ್ದಿನ ಜೊತೆ ಫ್ಲ್ಯಾಷ್ ಹೊಡೆದರೆ ಶಾರ್ಟ್ ಸರ್ಕ್ಯೂಟ್ ಆಯಿತು ಅಂದುಕೊಳ್ಳುತ್ತಾರೆ. ಫೋಟೊ ತೆಗೆದರು ಎಂಬುದು ಹೊರಗೆ ಬಂದ ಮೇಲೆಯೇ ಗೊತ್ತಾಗುವುದು.

ಫ್ಲ್ಯಾಷ್ ಬೇಡವೇ ಬೇಡ ಅನ್ನುವವರಿಗೆ ಇನ್‌ಫ್ರಾರೆಡ್ ಕ್ಯಾಮೆರಾ ಇದೆ. ವಿಡಿಯೊಗೆ ನನ್ನ ಆಯ್ಕೆಯೂ ಅದೇ. 850 ನ್ಯಾನೊಮೀಟರ್ ತರಂಗಾಂತರದ ಇನ್‌ಫ್ರಾರೆಡ್ ದೀಪಗಳು ಕ್ಯಾಮೆರಾಕ್ಕೆ ಚೆನ್ನಾಗಿ ಬೆಳಕು ಕೊಡುತ್ತವೆ, ಆದರೆ ದೀಪದ ಕಡೆ ನೋಡಿದರೆ ಮಂಕಾದ ಕೆಂಪು ಚುಕ್ಕೆ ಕಾಣುತ್ತದೆ. 940ರ ದೀಪ ಕಣ್ಣಿಗೆ ಕಾಣುವುದಿಲ್ಲ, ಆದರೆ ಕ್ಯಾಮೆರಾದೊಳಗಿನ ಬೆಳಕು ಹಿಡಿಯುವ ಸೆನ್ಸಾರಿಗೂ ಅದು ಕಡಿಮೆಯೇ ತಾಗುತ್ತದೆ, ಹಾಗಾಗಿ ಹತ್ತಿರ ಇಡಬೇಕು. ಚಿತ್ರ ಕಪ್ಪು ಬಿಳುಪು. ಚರ್ಮ ಮೇಣ ಸವರಿದ ಹಾಗೆ ಬೆಳ್ಳಗಾಗುತ್ತದೆ, ಕಪ್ಪು ಬಟ್ಟೆ ಎಷ್ಟೋ ಸಲ ಬೂದು ಬಣ್ಣಕ್ಕೆ ತಿರುಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕತ್ತಲಲ್ಲಿ ಅಗಲವಾಗಿ ಅರಳಿದ ಕಣ್ಣಪಾಪೆ ಹಾಗೆಯೇ ಸಿಗುತ್ತದೆ. ಯಾರೂ ತನ್ನನ್ನು ನೋಡುತ್ತಿಲ್ಲ ಅಂದುಕೊಂಡ ಮನುಷ್ಯನ ಮುಖ ಅದು. ಯಾವ ನಟನಿಂದಲೂ ಅದನ್ನು ಮಾಡಿಸಲಿಕ್ಕಾಗುವುದಿಲ್ಲ.

ಇನ್ನು ಸೆಟ್ಟಿನ ಪಟಗಳ ವಿಷಯ. ಟಿಕೆಟ್ ಪುಟಕ್ಕೆ, ಪೋಸ್ಟರಿಗೆ ಒಂದಷ್ಟು ಬೇಕೇ ಬೇಕಲ್ವಾ. ಇವನ್ನು ಜನ ಇಲ್ಲದ ದಿನ, ಟ್ರೈಪಾಡ್ ಇಟ್ಟು ತೆಗೆಯಿರಿ. ಫೋನಿನಲ್ಲಿ ತೆಗೆಯುವುದಾದರೆ ನೈಟ್ ಮೋಡ್ ಆಫ್ ಮಾಡಿ. ಅದರ ಉದ್ದೇಶವೇ ಕತ್ತಲನ್ನು ಬೆಳಗಿಸುವುದು, ನೀವು ದುಡ್ಡು ಸುರಿದು ಕಟ್ಟಿದ ಕತ್ತಲನ್ನು ಅದು ತೊಳೆದುಹಾಕುತ್ತದೆ. ಪರದೆಯ ಮೇಲೆ ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಬೆಳಕನ್ನು ಕೆಳಕ್ಕೆ ಎಳೆಯಿರಿ. ಪಟದ ಮುಕ್ಕಾಲು ಭಾಗ ಕಪ್ಪಾಗಿಯೇ ಇರಲಿ. ಬಾಗಿಲ ಸಂದಿಯಲ್ಲಿ ನಾಲ್ಕು ಬೆರಳು ಕಂಡರೆ ಸಾಕು, ಬಾಗಿಲ ಹಿಂದಿನ ಆಳನ್ನು ನೋಡುವವರೇ ಕಟ್ಟಿಕೊಳ್ಳುತ್ತಾರೆ.

ಮುಖವಾಡ ಪ್ಲಾಸ್ಟಿಕ್ ಥರ ಕಾಣುವುದಕ್ಕೆ ಕಾರಣ ಎದುರಿನಿಂದ ಬೀಳುವ ಚಪ್ಪಟೆ ಬೆಳಕು. ನೆರಳೇ ಇಲ್ಲದಿದ್ದರೆ ಆಳ ಎಲ್ಲಿಂದ ಬರಬೇಕು? ಬೆಳಕನ್ನು ಹಿಂದಕ್ಕೆ ಅಥವಾ ಪಕ್ಕಕ್ಕೆ ಒಯ್ಯಿರಿ. ಹಿಂದಿನಿಂದ ಬಂದ ಬೆಳಕು ಅಂಚನ್ನು ಮಾತ್ರ ಬರೆಯುತ್ತದೆ, ಮುಖ ಕತ್ತಲಲ್ಲೇ ಉಳಿಯುತ್ತದೆ. ಹೊಗೆಗೂ ಇದೇ ಮಾತು. ಫಾಗ್ ಮಶೀನಿನ ಹೊಗೆಯನ್ನು ಹಿಂದಿನಿಂದ ಬೆಳಗಿದರೆ ಅದು ಎದ್ದು ನಿಲ್ಲುತ್ತದೆ, ಎದುರಿನಿಂದ ಬೆಳಗಿದರೆ ಇಡೀ ಪಟಕ್ಕೆ ಸುಣ್ಣ ಬಳಿದಂತಾಗುತ್ತದೆ. ಮಶೀನ್ ಬಿಟ್ಟ ಕೂಡಲೇ ತೆಗೆಯಬೇಡಿ, ಹೊಗೆ ತೆಳುವಾಗಿ ಹರಡಲಿ. ಶಟರನ್ನು ನಾಲ್ಕೈದು ಸೆಕೆಂಡು ತೆರೆದಿಟ್ಟರೆ ಹೊಗೆ ರೇಷ್ಮೆಯ ಹಾಗೆ ನುಣುಪಾಗುತ್ತದೆ. ಸುರುಳಿ ಸುರುಳಿಯಾಗಿ ಬೇಕಿದ್ದರೆ 1/30ಕ್ಕಿಂತ ನಿಧಾನ ಬೇಡ. ಮಧ್ಯೆ ಮಧ್ಯೆ ಲೆನ್ಸ್ ಒರೆಸಿಕೊಳ್ಳಿ.

ಕೆಂಪು ದೀಪದ ಮೋಹ ಎಲ್ಲರಿಗೂ ಇದೆ, ನಿಮ್ಮಲ್ಲೂ ಎರಡು ಮೂರು ಕೋಣೆಯಲ್ಲಾದರೂ ಇದ್ದೇ ಇರುತ್ತದೆ. ಕಣ್ಣಿಗೆ ಅದು ಚೆಂದ, ಕ್ಯಾಮೆರಾಕ್ಕೆ ಅಲ್ಲ. ಸಾಮಾನ್ಯ ಸೆನ್ಸಾರಿನಲ್ಲಿ ಕೆಂಪನ್ನು ಹಿಡಿಯುವುದು ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ. ಬರೀ ಕೆಂಪು ಬೆಳಕಲ್ಲಿ ಆ ಒಂದು ಉಕ್ಕಿ ಹರಿಯುತ್ತದೆ, ಉಳಿದ ಮೂರಕ್ಕೆ ಕೆಲಸವೇ ಇರುವುದಿಲ್ಲ. ಮುಖ ಹೋಗಿ ಕೆಂಪು ಮುದ್ದೆ ಉಳಿಯುತ್ತದೆ. ಒಂದು ಸ್ಟಾಪ್ ಕಡಿಮೆ, ಅಂದರೆ ಅರ್ಧದಷ್ಟೇ ಬೆಳಕಿಗೆ, ಎಕ್ಸ್‌ಪೋಸ್ ಮಾಡಿ, ಪಕ್ಕದಿಂದ ಸಣ್ಣದೊಂದು ಬಿಳಿ ಅಥವಾ ನೀಲಿ ಬೆಳಕು ಸೇರಿಸಿ. ಗಾಜಿನ ಪ್ರತಿಬಿಂಬದಿಂದ ದೆವ್ವ ಮೂಡಿಸುವ ಕೋಣೆ ಏನಾದರೂ ಇದ್ದರೆ (1862ರಲ್ಲಿ ಜಾನ್ ಹೆನ್ರಿ ಪೆಪ್ಪರ್ ಲಂಡನ್ನಿನಲ್ಲಿ ತೋರಿಸಿ ಹೆಸರು ಮಾಡಿದ ಆಟ ಅದು, ಇವತ್ತಿಗೂ ನಡೆಯುತ್ತದೆ) ಅಲ್ಲಿ ಪ್ರತಿಬಿಂಬ ಅಡಗಿಸುವ ಪೋಲರೈಸಿಂಗ್ ಫಿಲ್ಟರ್ ಹಾಕಬೇಡಿ, ದೆವ್ವವೇ ಮಂಕಾಗುತ್ತದೆ. ಫ್ಲ್ಯಾಷ್ ಹೊಡೆದಿರೋ, ಗಾಜಿನ ಗುಟ್ಟು ರಟ್ಟು.

ಹೊರಗಿನ ಪಟವನ್ನು ನಡುರಾತ್ರಿಯಲ್ಲಿ ತೆಗೆಯಬೇಡಿ. ಸೂರ್ಯ ಮುಳುಗಿ ಇಪ್ಪತ್ತು ಮೂವತ್ತು ನಿಮಿಷವಾದಾಗ ಆಕಾಶ ಕಡುನೀಲಿ ಇರುತ್ತದೆ. ಆಗ ಒಂದೇ ಒಂದು ಕಿಟಕಿಯಲ್ಲಿ ಹಳದಿ ದೀಪ ಉರಿಸಿ ತೆಗೆಯಿರಿ.

ವಿಡಿಯೊಗೆ ಬರೋಣ. ಜನ ಮಾಡುವುದೇನು? ಕ್ಯಾಮೆರಾ ಹಿಡಿದು ಒಂದನೇ ಕೋಣೆಯಿಂದ ಒಂಬತ್ತನೇ ಕೋಣೆವರೆಗೆ ನಡೆದು, ಹಿನ್ನೆಲೆಗೆ ಒಂದು ಹೆದರಿಸುವ ಸಂಗೀತ ಹಾಕಿಬಿಡುತ್ತಾರೆ. ಅದು ಮನೆ ಮಾರಾಟಕ್ಕಿಟ್ಟವರ ವಿಡಿಯೊ. ನಿಮಗೆ ಬೇಕಾದದ್ದು ಹೆದರಿಕೆಯ ಮೊದಲಿನ ಕ್ಷಣ ಮತ್ತು ನಂತರದ ಕ್ಷಣ. ನಡುವಿನದನ್ನು ಕತ್ತರಿಸಿ ಎಸೆಯಿರಿ. ಹಿಡಿಕೆಯ ಮೇಲೆ ಕೈ, ಹಿಂಜರಿಯುವ ಬೆರಳು, ‘ನೀನು ಮುಂದೆ ಹೋಗು, ನೀನು ಹೋಗು’ ಎಂಬ ಪಿಸುಮಾತು. ಬಾಗಿಲು ತೆರೆಯುತ್ತದೆ, ಪರದೆ ಕಪ್ಪಾಗುತ್ತದೆ. ಎರಡು ಸೆಕೆಂಡು ಏನೂ ಇಲ್ಲ. ಕಿರುಚಾಟ. ಆಮೇಲೆ ಇನ್‌ಫ್ರಾರೆಡ್‌ನಲ್ಲಿ ಸಿಕ್ಕ ಮುಖಗಳು. ಕೊನೆಗೆ ಹೊರಬಾಗಿಲಿನಿಂದ ಎದ್ದುಬಿದ್ದು ಓಡಿಬಂದವರು ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದು ನಗುವುದು. ಇಷ್ಟೇ, ಇಪ್ಪತ್ತು ಇಪ್ಪತ್ತೈದು ಸೆಕೆಂಡು. ಆ ನಗುವನ್ನು ಮಾತ್ರ ಕತ್ತರಿಸಬೇಡಿ. ಜನ ಟಿಕೆಟ್ ಕೊಳ್ಳುವುದು ಜೀವ ಬಾಯಿಗೆ ಬರಲಿ ಎಂದಷ್ಟೇ ಅಲ್ಲ, ಬಂದ ಜೀವ ವಾಪಸ್ ಹೋದಾಗ ಆಗುವ ಹಗುರಕ್ಕೆ. ಗೆಳೆಯರ ಜೊತೆ ಹೋಗಬಹುದಾದ ಜಾಗ ಇದು ಎಂದು ಹೇಳುವುದು ಆ ನಗುವೇ.

ತುಂಬಾ ಜನ ಫೋನಿನ ಸದ್ದು ಮುಚ್ಚಿಯೇ ನೋಡುತ್ತಾರೆ. ಹಾಗಾಗಿ ಮೊದಲ ಎರಡು ಮೂರು ಸೆಕೆಂಡಿನಲ್ಲಿ ಮುಖವೋ ಕೈಯೋ ಏನಾದರೂ ಹಿಡಿದು ನಿಲ್ಲಿಸುವಂಥದ್ದು ಇರಲಿ, ಪಿಸುಮಾತನ್ನು ಅಕ್ಷರದಲ್ಲಿ ಹಾಕಿ. ಆದರೆ ಸದ್ದು ಹಾಕಿ ನೋಡುವವರಿಗೆ ಮೋಸ ಮಾಡಬೇಡಿ. ಕ್ಯಾಮೆರಾದ ಮೈಕ್ ಸಾಲದು. ಹಲಗೆಯ ಕಿರ್ ಸದ್ದು, ಉಸಿರು, ದೂರದ ಕೋಣೆಯ ಕೂಗು ಇವನ್ನೆಲ್ಲ ಬೇರೆಯಾಗಿ ಹತ್ತಿರದಿಂದ ರೆಕಾರ್ಡ್ ಮಾಡಿಕೊಳ್ಳಿ. ಬೇರೆಯವರ ಸಂಗೀತ ಹಾಕುವ ಗೋಜಿಗೆ ಹೋಗಬೇಡಿ, ವ್ಯಾಪಾರಕ್ಕೆ ಬಳಸಲು ಅನುಮತಿ ಇಲ್ಲದಿದ್ದರೆ ವಿಡಿಯೊ ಮೂಕಾಗುತ್ತದೆ ಅಥವಾ ತೆಗೆದುಹಾಕುತ್ತಾರೆ. ಸುಮ್ನೆ ಮೌನ ಬಿಡಿ, ಅದು ಇನ್ನೂ ಭಯಂಕರ. ಅಳತೆಯ ವಿಷಯ: ರೀಲ್ಸ್‌ಗೆ ಉದ್ದನೆಯ 9:16, ಯೂಟ್ಯೂಬಿನ ದೊಡ್ಡ ವಿಡಿಯೊಗೆ ಅಡ್ಡ 16:9. ಎರಡಕ್ಕೂ ಬೇರೆ ಬೇರೆ ಶೂಟ್ ಮಾಡಲಾಗದಿದ್ದರೆ 4ಕೆಯಲ್ಲಿ ಅಡ್ಡ ತೆಗೆದು, ಮುಖ್ಯವಾದದ್ದನ್ನು ನಡುವೆ ಇಟ್ಟುಕೊಳ್ಳಿ.

ವಿಡಿಯೊದಲ್ಲಿ ಬೆಳಕು ಪಟಪಟ ಮಿನುಗಿ ಪಟ್ಟೆ ಬಂದರೆ ಹೆದರಬೇಡಿ, ಅದು ಕರೆಂಟಿನ ಲಯ. ನಿಮ್ಮಲ್ಲಿ ಕರೆಂಟ್ 50 ಹರ್ಟ್ಸ್ ಆದರೆ ಶಟರ್ 1/50 ಅಥವಾ 1/100, 60 ಹರ್ಟ್ಸ್ ಆದರೆ 1/60 ಅಥವಾ 1/120 ಇಡಿ. ಎಲ್ಲ ಅಲ್ಲದಿದ್ದರೂ ಮುಕ್ಕಾಲು ಪಾಲು ಹೋಗುತ್ತದೆ. ಪಟಪಟ ಹೊಳೆಯುವ ಸ್ಟ್ರೋಬ್ ಲೈಟ್ ಮಾತ್ರ ಇದಕ್ಕೂ ಬಗ್ಗುವುದಿಲ್ಲ. ಫೋನಿನ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಅರ್ಧ ಬೆಳಕು ಅರ್ಧ ಕತ್ತಲೆಯ ತುಂಡುಗಳು ಬರುತ್ತವೆ. ಶೂಟಿಂಗ್ ದಿನ ಸ್ಟ್ರೋಬ್ ಆರಿಸಿಬಿಡಿ. ಎಡಿಟಿಂಗಿನಲ್ಲಿ ಮಿನುಗು ಸೇರಿಸುವುದಾದರೂ ಸೆಕೆಂಡಿಗೆ ಮೂರು ಮಿನುಗಿಗಿಂತ ಜಾಸ್ತಿ ಬೇಡ. ಇದು ಅಂದಚೆಂದದ ಮಾತಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಒಂದು ಟಿವಿ ಕಾರ್ಟೂನಿನ ಕೆಂಪು ನೀಲಿ ಮಿನುಗು ನೋಡಿ ಸುಮಾರು 685 ಜನರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು, ಬಹುತೇಕ ಮಕ್ಕಳು. ನಿಮ್ಮ ಬಂಗಲೆಗೆ ಬರುವವರಿಗೆ ಬಾಗಿಲಲ್ಲೇ ಎಚ್ಚರಿಕೆ ಕೊಡಬಹುದು. ಫೋನಿನಲ್ಲಿ ಬೆರಳಾಡಿಸುತ್ತಾ ಕೂತವರ ಕಣ್ಣಿಗೆ ನಿಮ್ಮ ವಿಡಿಯೊ ಹೇಳದೆ ಕೇಳದೆ ಬಂದು ಬೀಳುತ್ತದೆ.

ಈಗ ನಿಮ್ಮ ಗೆಳೆಯರ ಸಿಸಿಟಿವಿ ದೆವ್ವ. ಬೇಡ. ಈ ಆಟ ಕ್ಯಾಮೆರಾದಷ್ಟೇ ಹಳೆಯದು. 1860ರ ದಶಕದಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ವಿಲಿಯಂ ಮಮ್ಲರ್ ಎಂಬಾತ ಜನರ ಫೋಟೊದಲ್ಲಿ ಅವರ ಸತ್ತ ನೆಂಟರ ಆತ್ಮವೂ ಮೂಡುತ್ತದೆ ಎಂದು ಪಟ ತೆಗೆದು ಮಾರಿದ. 1869ರಲ್ಲಿ ನ್ಯೂಯಾರ್ಕಿನಲ್ಲಿ ವಂಚನೆ ಕೇಸು ಬಿತ್ತು. ಸರ್ಕಸ್ಸಿನ ಪಿ. ಟಿ. ಬಾರ್ನಮ್ ಬಂದು ಅವನ ವಿರುದ್ಧ ಸಾಕ್ಷಿ ಹೇಳಿದ. ಜನರನ್ನು ಮರುಳು ಮಾಡುವುದರಲ್ಲೇ ಹೆಸರಾದ ಬಾರ್ನಮ್ಮನೇ ‘ಇದು ಅತಿಯಾಯಿತು’ ಎಂದು ಸಾಕ್ಷಿ ಕಟ್ಟೆ ಹತ್ತಿದ ಅಂದರೆ ನೋಡಿ! ಸಾಕ್ಷ್ಯ ಸಾಲದೆ ಮಮ್ಲರ್ ಬಚಾವಾದ, ಹೆಸರು ಮಾತ್ರ ಕೆಟ್ಟಿತು. ನಿಮ್ಮ ವಿಡಿಯೊ ಓಡಿದರೂ ಬರುವವರು ಯಾರು? ದೆವ್ವ ಹಿಡಿಯಲು ಮೀಟರ್ ಹಿಡಿದುಕೊಂಡು ರಾತ್ರಿ ಗೋಡೆ ಹಾರುವವರು. ಓಡದಿದ್ದರೆ ಕಮೆಂಟಿನಲ್ಲಿ ಸಿಗುವ ಮರ್ಯಾದೆ ನಿಮಗೇ ಗೊತ್ತು. ಅದೇ ಸಿಸಿಟಿವಿಯಲ್ಲಿ ನಿಮ್ಮ ದೆವ್ವ ಬಿಡುವಿನ ಹೊತ್ತಲ್ಲಿ ಮುಖವಾಡ ಮೇಲೆತ್ತಿ ಚಹಾ ಕುಡಿಯುತ್ತಿರುವುದು ಸಿಕ್ಕರೆ ಅದನ್ನು ಹಾಕಿ, ಜನ ಪ್ರೀತಿಯಿಂದ ನೋಡುತ್ತಾರೆ. ಹಾಗೆಯೇ ಒಳಗೆ ಇಲ್ಲದ ದೆವ್ವವನ್ನು ಕಂಪ್ಯೂಟರಿನಲ್ಲಿ ಸೇರಿಸಿ ಪೋಸ್ಟರ್ ಮಾಡಬೇಡಿ. ಬಂದವರು ‘ಅದೆಲ್ಲಿ?’ ಅಂತ ಕೇಳೇ ಕೇಳುತ್ತಾರೆ.

ಒಪ್ಪಿಗೆಯ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಒಳಗೆ ಕ್ಯಾಮೆರಾ ಇದೆ ಎಂದು ಬಾಗಿಲಲ್ಲಿ ಬೋರ್ಡ್ ಹಾಕಬೇಕು, ಟಿಕೆಟ್ ಮೇಲೂ ಬರೆಯಬೇಕು. ಅಷ್ಟಕ್ಕೇ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಹೆದರಿದ ಮುಖ ಬಹಳ ಖಾಸಗಿ ವಸ್ತು. ಹೊರಗೆ ಬಂದ ಮೇಲೆ ಅವರಿಗೆ ಪಟ ತೋರಿಸಿ, ‘ಹಾಕಬಹುದಾ?’ ಎಂದು ಕೇಳಿ, ಸಹಿ ತಗೊಳ್ಳಿ. ಆ ಹೊತ್ತಿನಲ್ಲಿ ಎಲ್ಲರೂ ನಗುತ್ತಿರುತ್ತಾರೆ, ಬೇಡ ಅನ್ನುವವರು ಕಡಿಮೆ. ಗುಂಪಿನಲ್ಲಿ ಒಬ್ಬರು ಬೇಡ ಅಂದರೂ ಆ ಪಟ ಅಳಿಸಿ. ಮಕ್ಕಳಿದ್ದರೆ ಅಪ್ಪ ಅಮ್ಮನ ಸಹಿ ಇಲ್ಲದೆ ಆಗದು. ನಿಜವಾಗಿ ಅತ್ತವರ, ಕುಸಿದು ಕೂತವರ ಪಟವನ್ನು ಅವರು ಒಪ್ಪಿದರೂ ನಾನು ಹಾಕುವುದಿಲ್ಲ. ನಟರ ಹತ್ತಿರವೂ ಬರೆಸಿಕೊಳ್ಳಿ, ಮುಖವಾಡದ ಹಿಂದಿದ್ದರೂ ಅವರ ದುಡಿಮೆ ಅದು.

ಬಂದವರ ಫೋನುಗಳನ್ನು ಏನು ಮಾಡುವುದು ಎಂದು ನೀವು ಕೇಳಲಿಲ್ಲ, ಆದರೆ ನಾಳೆ ಕೇಳುತ್ತೀರಿ. ಒಳಗೆ ಫೋನ್ ಬೇಡ. ಒಬ್ಬರ ಪರದೆಯ ಬೆಳಕು ಹಿಂದಿನ ಹತ್ತು ಜನರ ಕತ್ತಲನ್ನು ಹಾಳು ಮಾಡುತ್ತದೆ. ಬಾಗಿಲಲ್ಲೇ ಚೀಲದೊಳಗೆ ಹಾಕಿಸಿ. ಅದರ ಬದಲಿಗೆ ಹೊರಗೆ ಒಂದು ಮೂಲೆಯನ್ನು ಅವರಿಗಾಗಿಯೇ ಸಿದ್ಧ ಮಾಡಿ. ಪಕ್ಕದಿಂದ ಒಳ್ಳೆಯ ಬೆಳಕು, ಹಿಂದೆ ತೆಳು ಹೊಗೆ, ಒಬ್ಬ ದೆವ್ವ, ಗೋಡೆಯಲ್ಲಿ ಕೆತ್ತಿದ ಹಾಗೆ ನಿಮ್ಮ ಬಂಗಲೆಯ ಹೆಸರು. ಅವರು ತಾವಾಗಿಯೇ ಹಂಚುತ್ತಾರೆ, ಹೆಸರು ಜೊತೆಯಲ್ಲೇ ಹೋಗುತ್ತದೆ.

ಮೊದಲ ವಾರ ಇಷ್ಟೆಲ್ಲ ಮಾಡಲು ಹೋಗಬೇಡಿ. ಏಳನೇ ಕೋಣೆಯ ಕ್ಯಾಮೆರಾ ಒಂದನ್ನು ಕೂರಿಸಿ, ನಾಲ್ಕು ದಿನ ಪರೀಕ್ಷೆ ಮಾಡಿ. ಒಪ್ಪಿಗೆ ಸಿಕ್ಕ ಪಟಗಳಲ್ಲಿ ಹತ್ತನ್ನು ಆರಿಸಿ ದಿನಕ್ಕೊಂದರಂತೆ ಹಾಕುತ್ತಾ ಹೋಗಿ. ಆರಿಸುವಾಗ ನಿಮ್ಮ ನಟನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಿನಾ ನೂರು ಜನರನ್ನು ಹೆದರಿಸಿದರೂ ಕತ್ತಲಲ್ಲಿ ಅವನಿಗೆ ಒಬ್ಬರ ಮುಖವೂ ಸರಿಯಾಗಿ ಕಂಡಿರುವುದಿಲ್ಲ.